ಸಕ್ಕರೆಯ ಸೀಮೆಯಲ್ಲಿ ಪಾದದ ಪ್ರಶ್ನೆ

ನಮ್ಮ ನುಡಿಯಲ್ಲಿ ಕಾಲಿಗೆ ದೊರೆತಿರುವಷ್ಟು ಮಾನ್ಯತೆ ಮತ್ತೊಂದು ಅಂಗಕ್ಕೆ ದೊರೆತಿದೆಯೋ ಇಲ್ಲವೋ ಸಂದೇಹ. ಹಿರಿಯರ ಕಾಲಿಗೆ ಎರಗುತ್ತೇವೆ. ದೇವರ ಪಾದಕ್ಕೆ ಹೂವೇರಿಸುತ್ತೇವೆ. ಗುರುವಿನ ಪಾದುಕೆಯನ್ನು ತಲೆಯ ಮೇಲೆ ಹೊರುತ್ತೇವೆ. ಹೊಸ ಸೊಸೆ ಬಲಗಾಲಿಟ್ಟು ಮನೆ ತುಂಬುತ್ತಾಳೆ. ಜಗಳಕ್ಕೆ ಬರುವವನು ಕಾಲು ಕೆರೆದುಕೊಂಡು ಬರುತ್ತಾನೆ. ಸೋತವನು ಕಾಲಿಗೆ ಬುದ್ಧಿ ಹೇಳುತ್ತಾನೆ. ಇಷ್ಟೆಲ್ಲ ಆದರೂ ತನ್ನ ಸ್ವಂತ ಪಾದದ ಅಡಿಯನ್ನು ದಿನಕ್ಕೊಮ್ಮೆಯಾದರೂ ನೋಡಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಮುಖಕ್ಕೆ ಕನ್ನಡಿ ಉಂಟು. ಅಂಗೈಗೆ ಜ್ಯೋತಿಷಿ ಉಂಟು. ಅಂಗಾಲಿಗೆ ಯಾರೂ ಇಲ್ಲ.

ಯಾರೂ ಇಲ್ಲವೆಂದರೆ ಅದು ಪೂರ್ತಿ ನಿಜವಾಗಲಾರದು. ಒಬ್ಬಳಿದ್ದಾಳೆ. ಆಸ್ಪತ್ರೆಯ ಮೂಲೆಯ ಕೊಠಡಿಯಲ್ಲಿ, ಮದ್ದಿನ ವಾಸನೆಯ ನಡುವೆ, ಮಣೆಯ ಮೇಲೆ ಕುಳಿತು, ರೋಗಿಯ ಕಾಲನ್ನು ತನ್ನ ಮೊಣಕಾಲಿನ ಮಟ್ಟಕ್ಕೆ ಎತ್ತಿಟ್ಟುಕೊಂಡು, ನಿನ್ನೆಯ ಕಟ್ಟನ್ನು ಬಿಚ್ಚುವ ದಾದಿ. ಈಗ ಆ ವೃತ್ತಿಯಲ್ಲಿ ಪುರುಷರೂ ಇದ್ದಾರೆ; ಬರವಣಿಗೆಯ ಸೌಕರ್ಯಕ್ಕಾಗಿ 'ಆಕೆ' ಎಂದೇ ಕರೆಯುತ್ತೇನೆ. ಈ ವಾರ ನಾನು ಬರೆಯಹೊರಟಿರುವುದು ಆಕೆಯ ಸೇವೆಯನ್ನು ಕುರಿತಲ್ಲ. ಸೇವೆಯನ್ನು ಹೊಗಳುವುದು ಸುಲಭ, ಖರ್ಚಿಲ್ಲದ ಕೆಲಸ. ಆಕೆಯ ಸಂಶೋಧನೆಯನ್ನು ಕುರಿತು, ಅದನ್ನು ಆಕೆ ವೃತ್ತಿಬಾಂಧವರ ಸಮ್ಮೇಳನದಲ್ಲಿ ಮಂಡಿಸುವುದನ್ನು ಕುರಿತು, ಅಲ್ಲಿ ಇಟ್ಟಿರುವ ಬಹುಮಾನವನ್ನು ಕುರಿತು ಬರೆಯುತ್ತೇನೆ. ಕನ್ನಡ ಕಲಿಸುವವನಿಗೆ ಈ ಗೊಡವೆ ಏಕೆ ಎಂಬ ಪ್ರಶ್ನೆಗೆ ಉತ್ತರ ಮುಂದೆ ತಾನಾಗಿಯೇ ಬರುವುದು.

ಮೊದಲು ನಮ್ಮ ಸೀಮೆಯ ಮಾತು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಇಲ್ಲಿಯ ರಾಗಿಯ ಹೊಲಗಳು ಬತ್ತದ ಗದ್ದೆಗಳಾದವು, ಕಬ್ಬಿನ ತೋಟಗಳಾದವು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ೧೯೩೯ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಅಂದಿನಿಂದ ನಾವು 'ಸಕ್ಕರೆಯ ನಾಡಿನವರು' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತ ಬಂದಿದ್ದೇವೆ. ಈಗ ಅದೇ ಸಕ್ಕರೆ ಎಂಬ ಶಬ್ದವನ್ನು ನಮ್ಮ ಜನ ಮತ್ತೊಂದು ಅರ್ಥದಲ್ಲಿ, ಧ್ವನಿ ತಗ್ಗಿಸಿ ಬಳಸುತ್ತಿದ್ದಾರೆ. 'ಅವರಿಗೂ ಸಕ್ಕರೆಯಂತೆ' ಎಂದರೆ ಅದು ಸಿಹಿ ಸುದ್ದಿಯಲ್ಲ. ಕಬ್ಬು ಬೆಳೆಯುವ ಸೀಮೆಗೂ ಈ ರೋಗಕ್ಕೂ ನೇರ ಸಂಬಂಧವಿದೆಯೆಂದು ಯಾರೂ ಭಾವಿಸಬೇಕಾಗಿಲ್ಲ, ಇದು ದೇಶವ್ಯಾಪಿಯಾದುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ದೇಶದಲ್ಲಿ ೧೦ ಕೋಟಿಗೂ ಮೀರಿ ಜನ ಮಧುಮೇಹಿಗಳೆಂದು ಅಂದಾಜು ಮಾಡಿತು. ವಯಸ್ಕರ ಲೆಕ್ಕದಲ್ಲಿ ಅದು ನೂರಕ್ಕೆ ೧೧.೪ರಷ್ಟು.

ಈ ರೋಗ ಕಾಲಿಗೆ ಏಕೆ ಇಳಿಯುತ್ತದೆ? ನಾಲೆಯ ದೃಷ್ಟಾಂತದಿಂದ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ತಿಳಿದೀತು. ದೊಡ್ಡ ನಾಲೆಯಿಂದ ಉಪನಾಲೆ, ಉಪನಾಲೆಯಿಂದ ಕಾಲುವೆ, ಕಾಲುವೆಯಿಂದ ಗದ್ದೆಯ ಬದುವಿನ ಪಕ್ಕದ ಸಣ್ಣ ಕಾಲು. ಮೇಲಿನವರಿಗೆ ನೀರು ಹೇಗಾದರೂ ಸಿಕ್ಕೀತು. ಹೂಳು ತುಂಬಿದಾಗ ಮೊದಲು ಒಣಗುವುದು ಕೊನೆಯ ಗದ್ದೆ. ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ 'ನಾಲೆಯ ಕೊನೆಯ ಭಾಗ' ಎಂಬ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ದೇಹದಲ್ಲಿ ಪಾದವೇ ಆ ಕೊನೆಯ ಭಾಗ. ಹೃದಯದಿಂದ ಹೊರಟ ರಕ್ತ ಅಪಧಮನಿಗಳ ಮೂಲಕ ಬಹುದೂರ ಸಾಗಿ ಕಾಲ್ಬೆರಳನ್ನು ಮುಟ್ಟಬೇಕು. ಬೀಡಿ ಸಿಗರೇಟಿನ ಹೊಗೆ, ರಕ್ತದ ಏರೊತ್ತಡ, ಕೊಬ್ಬು, ಸಕ್ಕರೆ ಇವು ವರ್ಷಾನುಗಟ್ಟಲೆ ಸೇರಿ ನಾಳದ ಒಳಗೋಡೆಗೆ ಹೂಳಿನಂತೆ ಅಂಟಿಕೊಂಡಾಗ ಹರಿವು ಕುಗ್ಗುತ್ತದೆ. ಆಗ ಬೆರಳ ತುದಿಯಲ್ಲಾದ ಗಾಯಕ್ಕೆ ಮಾಯಲು ಬೇಕಾದ ರಕ್ತ ಸಾಲದು.

ಇದು ಅರ್ಧ ಕಥೆ ಮಾತ್ರ. ಸಕ್ಕರೆಯ ರೋಗ ಬಹುಕಾಲ ನಿಂತರೆ ನರಗಳೂ ಮಂಕಾಗುತ್ತವೆ. ಮೊದಲು ಜೋಮು, ಉರಿ, ಇರುವೆ ಹರಿದಂತಹ ಭಾವ. ಬಳಿಕ ಏನೂ ಇಲ್ಲ. ಈ 'ಏನೂ ಇಲ್ಲ' ಎಂಬುದೇ ಅಪಾಯ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆಯ ಮೊನೆ ಈಟಿಯಂತೆ ನಿಂತಿರುತ್ತದೆ. ನಾಟಿಯ ಕೆಸರಿನಲ್ಲಿ ಬರಿಗಾಲು ಗಂಟೆಗಟ್ಟಲೆ ನೆನೆದಿರುತ್ತದೆ. ಶಿವರಾತ್ರಿಯ ಕಾಲಕ್ಕೆ ನಮ್ಮ ಸೀಮೆಯಿಂದ ಮಲೆಯ ಮಾದೇಶ್ವರನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುವವರಿದ್ದಾರೆ. ಊರ ಹಬ್ಬದಲ್ಲಿ ಕೊಂಡ ಹಾಯುವವರಿದ್ದಾರೆ. ಭಕ್ತಿಯ ಬಗೆಗೆ ನನ್ನ ತಕರಾರಿಲ್ಲ. ಆದರೆ ನೋವು ಎಂಬ ಕಾವಲುಗಾರ ಎದ್ದು ಹೋಗಿರುವ ಪಾದಕ್ಕೆ ಕೆಂಡವೂ ಒಂದೇ, ಹೂವೂ ಒಂದೇ. ಗಾಯವಾದುದು ಮೂರು ದಿನದ ಮೇಲೆ, ದುರ್ಗಂಧ ಬಂದಾಗ ತಿಳಿಯುತ್ತದೆ.

ನೋವಿನ ಈ ಉಪಕಾರವನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ನೆರೆಯವರೇ ಎನ್ನಬಹುದು. ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ೧೯೪೬ರಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಅಂದಿನ ಜನ ನಂಬಿದ್ದರು. ಹಾಗಲ್ಲ, ಸ್ಪರ್ಶಜ್ಞಾನವಿಲ್ಲದ ಕೈಕಾಲುಗಳಿಗೆ ದಿನದಿನವೂ ಆಗುವ ಸಣ್ಣ ಪೆಟ್ಟುಗಳೇ ಕಾರಣವೆಂದು ಅವರು ಕಂಡುಕೊಂಡರು. ಅಂಗಾಲಿನ ಭಾರವನ್ನು ಹಂಚುವ ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಅಲ್ಲಿ ಮಾಡಿಸಿದರು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಅದೇ ಪಾಠ ಸಕ್ಕರೆ ರೋಗಿಗಳ ಪಾದಕ್ಕೂ ಅನ್ವಯವಾಯಿತು. ದೊಡ್ಡ ಯಂತ್ರವೊಂದರಿಂದ ಹುಟ್ಟಿದ ಅರಿವಲ್ಲ ಇದು. ರೋಗಿಯ ಪಾದವನ್ನು ದಿನವೂ ನೋಡಿದುದರಿಂದ ಹುಟ್ಟಿದುದು.

ದಿನವೂ ನೋಡುವುದು ಯಾರ ಪಾಲಿನ ಕೆಲಸ? ವೈದ್ಯರು ಬೆಳಗ್ಗೆ ಒಂದು ಸುತ್ತು ಬರುತ್ತಾರೆ. ಅವರಿಗೆ ನೂರು ಕೆಲಸ. ಗಾಯ ನಿನ್ನೆಗಿಂತ ಒಂದು ಗೋಧಿಯಷ್ಟು ಚಿಕ್ಕದಾಯಿತೋ ದೊಡ್ಡದಾಯಿತೋ, ಅಂಚು ಕೆಂಪೋ ಕಪ್ಪೋ, ಪಾದದ ಮೇಲಣ ನಾಡಿ ಬೆರಳಿಗೆ ತಾಕುತ್ತದೋ ಇಲ್ಲವೋ, ರೋಗಿ ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡೇ ನಿದ್ರಿಸಿದನೋ, ಇದೆಲ್ಲ ದಾದಿಗೆ ಗೊತ್ತು. ಗೊತ್ತಿದ್ದುದನ್ನು ಆಕೆ ಪಾಳಿ ಬದಲಾಗುವಾಗ ಮತ್ತೊಬ್ಬಳಿಗೆ ಹೇಳಿ ಮನೆಗೆ ಹೋಗುತ್ತಾಳೆ. ಮೂವತ್ತು ವರ್ಷದ ಸೇವೆಯ ನಂತರ ನಿವೃತ್ತಳಾಗುತ್ತಾಳೆ. ಒಂದು ಹಾರ, ಒಂದು ಗಡಿಯಾರ, ಒಂದು ಗುಂಪುಚಿತ್ರ. ಆ ಮೂವತ್ತು ವರ್ಷದ ತಿಳಿವಳಿಕೆ ಆಕೆಯೊಡನೆಯೇ ಬಾಗಿಲು ದಾಟುತ್ತದೆ. ಬರೆದಿಡದ ಅನುಭವಕ್ಕೆ ಪಿಂಚಣಿಯೂ ಇಲ್ಲ, ವಾರಸುದಾರರೂ ಇಲ್ಲ.

ಇಲ್ಲಿಯೇ ಸಂಶೋಧನೆ ಎಂಬುದರ ಪ್ರಯೋಜನ. ಆ ಶಬ್ದವನ್ನು ಕೇಳಿ ಹೆದರಬೇಕಾಗಿಲ್ಲ. ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳುವುದು, ಎಲ್ಲರನ್ನೂ ಒಂದೇ ರೀತಿಯಲ್ಲಿ ಕೇಳುವುದು, ಬಂದ ಉತ್ತರವನ್ನು ಎಣಿಸುವುದು, ಎಣಿಸಿದುದನ್ನು ಇತರರ ಪರೀಕ್ಷೆಗೆ ಒಪ್ಪಿಸುವುದು: ಇಷ್ಟೇ. ದಾದಿಯರ ಕುಲಗುರುವೆಂದು ನಾವು ದೀಪ ಹಿಡಿಸಿ ಚಿತ್ರ ಬರೆಸಿರುವ ಫ್ಲಾರೆನ್ಸ್ ನೈಟಿಂಗೇಲಳ ನಿಜವಾದ ಆಯುಧ ದೀಪವಲ್ಲ, ಲೆಕ್ಕದ ಪುಸ್ತಕ. ೧೮೫೪ರಲ್ಲಿ ಆಕೆ ಕ್ರಿಮಿಯನ್ ಯುದ್ಧದ ಗಾಯಾಳುಗಳ ಆಸ್ಪತ್ರೆಗೆ ಹೋದಳು. ಸೈನಿಕರು ಗುಂಡಿನ ಗಾಯಕ್ಕಿಂತ ಹೆಚ್ಚಾಗಿ ರೋಗರುಜಿನಗಳಿಂದ ಸಾಯುತ್ತಿದ್ದಾರೆ ಎಂಬುದನ್ನು ತಿಂಗಳು ತಿಂಗಳಿನ ಲೆಕ್ಕದಿಂದ ಹೂವಿನ ದಳಗಳಂತಹ ಒಂದು ಬಣ್ಣದ ಚಿತ್ರದಲ್ಲಿ ೧೮೫೮ರಲ್ಲಿ ತೋರಿಸಿದಳು. ಮಂತ್ರಿಗಳಿಗೆ ಅಂಕಿಗಳನ್ನು ಓದುವ ತಾಳ್ಮೆ ಇರುವುದಿಲ್ಲವೆಂಬುದನ್ನು ಆಕೆ ಬಲ್ಲಳು, ಆದುದರಿಂದ ಚಿತ್ರ. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಸದಸ್ಯೆಯಾಗಿ ಚುನಾಯಿಸಿದ ಮೊದಲ ಹೆಂಗಸು ಆಕೆಯೇ. ಭಾರತಕ್ಕೆ ಒಮ್ಮೆಯೂ ಕಾಲಿಡದಿದ್ದರೂ ಇಲ್ಲಿಯ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತು ೧೮೬೩ರಲ್ಲಿ ಹೊರಬಂದ ರಾಯಲ್ ಕಮಿಷನ್ನಿನ ವರದಿಗಾಗಿ ಆಕೆ ದುಡಿದಳು. ನಾವು ಪ್ರತಿವರ್ಷ ಮೇ ೧೨ರಂದು ಆಕೆಯ ಹುಟ್ಟುಹಬ್ಬದ ನೆಪದಲ್ಲಿ ದೀಪ ಬೆಳಗುತ್ತೇವೆ. ಲೆಕ್ಕದ ಪುಸ್ತಕವನ್ನು ಮಾತ್ರ ಮರೆಯುತ್ತೇವೆ.

ಆಕೆಯ ಮಾತು ಹಳೆಯದಾಯಿತೆನ್ನುವವರಿಗೆ ಸಮೀಪದ ಒಂದು ನಿದರ್ಶನ. ಕಾಲಿನಲ್ಲಿ ಹುಣ್ಣಾಗುವುದಕ್ಕೆ ಅಪಧಮನಿಗಳಷ್ಟೇ ಕಾರಣವಲ್ಲ; ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳೂ ಕಾರಣ. ಇವು ಏರಿನ ಮೇಲೆ ನೀರೆತ್ತುವ ಕಾಲುವೆಗಳು. ಒಳಗೆ ಒಂದೇ ಕಡೆಗೆ ತೆರೆಯುವ ಸಣ್ಣ ಬಾಗಿಲುಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಗಂಟೆಗಟ್ಟಲೆ ನಿಂತೇ ದುಡಿಯುವವರಲ್ಲಿ, ಅಂದರೆ ಬಸ್ಸಿನ ಕಂಡಕ್ಟರು, ಪೋಲೀಸಿನವರು, ಮದ್ದೂರಿನಲ್ಲಿ ಬಾಣಲೆಯ ಮುಂದೆ ನಿಂತು ವಡೆ ಕರಿಯುವವರು, ನಮ್ಮಂಥ ಉಪಾಧ್ಯಾಯರು, ಇವರಲ್ಲಿ ಆ ಬಾಗಿಲುಗಳು ಸಡಿಲವಾಗಿ ರಕ್ತ ಕೆಳಗೇ ನಿಲ್ಲಬಹುದು. ನರ ಉಬ್ಬಿ ಹುರಿಯಾಗುತ್ತದೆ, ಕಣಕಾಲು ಕಪ್ಪಾಗುತ್ತದೆ, ಕೊನೆಗೆ ಒಂದು ಹುಣ್ಣು ವರ್ಷಗಟ್ಟಲೆ ಮಾಯದೆ ನಿಲ್ಲುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆ ಮುಲಾಮಲ್ಲ, ಕ್ರಮವಾದ ಬಿಗಿತವುಳ್ಳ ಕಟ್ಟು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ಪದರಗಳ ಒಂದು ಕಟ್ಟನ್ನು ರೂಪಿಸಿದರು. ಕ್ರಿಸ್ಟೀನ್ ಮೊಫಾಟ್ ಎಂಬ ದಾದಿ ತನ್ನ ಸಹೋದ್ಯೋಗಿಗಳೊಡನೆ ಅದನ್ನು ಆಸ್ಪತ್ರೆಯ ಗೋಡೆಯ ಹೊರಗೆ, ಬಡಾವಣೆಗಳಲ್ಲಿ ದಾದಿಯರೇ ನಡೆಸುವ ಚಿಕಿತ್ಸಾಲಯಗಳಿಗೆ ಕೊಂಡೊಯ್ದಳು. ಫಲವನ್ನು ಎಣಿಸಿ ೧೯೯೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದಳು. ಹನ್ನೆರಡು ವಾರಗಳಲ್ಲಿ ಹಿಂದೆ ಸುಮಾರು ಐದರಲ್ಲಿ ಒಂದು ಹುಣ್ಣು ಮಾಯುತ್ತಿದ್ದ ಕಡೆ ಈಗ ಸುಮಾರು ಮೂರರಲ್ಲಿ ಎರಡು ಮಾಯಿತು. ಹೊಸ ಔಷಧಿಯಲ್ಲ, ಹೊಸ ಶಸ್ತ್ರಕ್ರಿಯೆಯಲ್ಲ. ಸರಿಯಾಗಿ ಕಲಿತ ಕೈಗಳು ಮತ್ತು ಸರಿಯಾದ ಲೆಕ್ಕ.

ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಅಭಿಧಮನಿಯ ಹುಣ್ಣಿಗೆ ಬಿಗಿಯಾದ ಕಟ್ಟು ಅಮೃತ. ಅಪಧಮನಿ ಕಿರಿದಾದ ಕಾಲಿಗೆ ಅದೇ ಕಟ್ಟು ವಿಷ, ಏಕೆಂದರೆ ಬರುತ್ತಿರುವ ಅಷ್ಟಿಷ್ಟು ರಕ್ತವನ್ನೂ ಅದು ತಡೆದೀತು. ಹುಣ್ಣು ಮೇಲುನೋಟಕ್ಕೆ ಒಂದೇ ರೀತಿ ಕಂಡೀತು. ಭೇದವನ್ನು ತಿಳಿಯುವುದಕ್ಕೆ ಕಣಕಾಲಿನ ರಕ್ತದೊತ್ತಡವನ್ನೂ ತೋಳಿನ ರಕ್ತದೊತ್ತಡವನ್ನೂ ಅಳೆದು ಒಂದನ್ನು ಮತ್ತೊಂದರಿಂದ ಭಾಗಿಸುತ್ತಾರೆ. ಎರಡೂ ಹೆಚ್ಚುಕಡಮೆ ಸಮನಾಗಿ ಉತ್ತರ ಒಂದರ ಸುತ್ತಮುತ್ತ ಇದ್ದರೆ ಕ್ಷೇಮ, ೦.೯ ಅಥವಾ ಅದಕ್ಕೂ ಕಡಮೆ ಬಂದರೆ ನಾಳ ಕಿರಿದಾಗಿದೆಯೆಂಬ ಸೂಚನೆ, ೧.೪ನ್ನು ಮೀರಿದರೆ ನಾಳದ ಗೋಡೆ ಕಲ್ಲಿನಂತಾಗಿದೆ, ಆ ಅಂಕಿಯನ್ನು ನಂಬಲಾಗದು ಎಂದರ್ಥ. ಬಹುಕಾಲದ ಸಕ್ಕರೆ ರೋಗಿಗಳಲ್ಲಿ ಹೀಗಾಗುವುದುಂಟು. ಈ ಅಳತೆಗೆ ಬೇಕಾದುದು ತೋಳಿನ ಪಟ್ಟಿ, ನಾಳದ ಸದ್ದನ್ನು ಕೇಳಿಸುವ ಅಂಗೈಯಗಲದ ಡಾಪ್ಲರ್ ಉಪಕರಣ, ಮತ್ತು ಕಲಿತ ದಾದಿ. ಒಂದು ಕಾಲು ಉಳಿಯುವುದೂ ಹೋಗುವುದೂ ಕೆಲವೊಮ್ಮೆ ಈ ಭಾಗಾಕಾರದ ಮೇಲೆ ನಿಂತಿರುತ್ತದೆ.

ಅಮೆರಿಕದಲ್ಲಿ ರಕ್ತನಾಳದ ರೋಗಿಗಳನ್ನು ನೋಡಿಕೊಳ್ಳುವ ದಾದಿಯರು ೧೯೮೨ರಲ್ಲಿಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು, ಬ್ರಿಟನ್ನಿನಲ್ಲಿಯೂ ಅಂತಹುದಿದೆ. ಇಂತಹ ಸಮ್ಮೇಳನಗಳ ಪದ್ಧತಿ ಎಲ್ಲೆಡೆಯೂ ಸುಮಾರಾಗಿ ಒಂದೇ. ತಿಂಗಳುಗಳ ಮುಂಚೆಯೇ ಒಂದು ಪುಟವನ್ನು ಮೀರದ ಸಾರಾಂಶವನ್ನು ಕಳುಹಿಸಬೇಕು. ಆಯ್ಕೆಯಾದರೆ ವೇದಿಕೆಯ ಮೇಲೆ ಎಂಟು ಹತ್ತು ನಿಮಿಷ, ಇಲ್ಲವೆ ಗೋಡೆಯ ಮೇಲೆ ಒಂದು ಭಿತ್ತಿಪತ್ರ. ಬಳಿಕ ತೀರ್ಪುಗಾರರ ಪ್ರಶ್ನೆ. ಉತ್ತಮವಾದುದಕ್ಕೆ ಬಹುಮಾನ. ನಮ್ಮ ದೇಶದಲ್ಲಿ ದಾದಿಯರಿಗೆ ೧೯೭೩ರಿಂದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯಿದೆ. ಅದು ಜೀವಮಾನದ ಸೇವೆಗೆ ಸಲ್ಲುವ ಗೌರವ. ಸಮ್ಮೇಳನದ ಬಹುಮಾನ ಚಿಕ್ಕದು, ಹಣವೂ ಅಲ್ಪ. ಆದರೆ ಅದರ ಜಾತಿಯೇ ಬೇರೆ. ಅದು 'ನೀನು ಎಷ್ಟು ಸಹಿಸಿಕೊಂಡೆ' ಎಂದು ಕೇಳುವುದಿಲ್ಲ. 'ನೀನು ಏನನ್ನು ಕಂಡೆ' ಎಂದು ಕೇಳುತ್ತದೆ. ಸಹನೆಗೆ ಹೊಗಳಿಕೆ ಪಡೆದು ಪಡೆದು ಬೇಸತ್ತವರಿಗೆ ಈ ಎರಡನೆಯ ಪ್ರಶ್ನೆ ಎಷ್ಟು ದೊಡ್ಡ ಮರ್ಯಾದೆಯೆಂಬುದು ತಿಳಿದೀತು.

ಈಗ ಕನ್ನಡದ ಉಪಾಧ್ಯಾಯನ ಗೊಡವೆಗೆ ಬರುತ್ತೇನೆ. ಕರ್ನಾಟಕದಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಶುಶ್ರೂಷಾ ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಬೇಕು. ಪ್ರಬಂಧ ಇಂಗ್ಲಿಷಿನಲ್ಲಿ; ರೋಗಿಯಾದರೋ ಕನ್ನಡದಲ್ಲಿ. ಆದುದರಿಂದ ಪ್ರಶ್ನಾವಳಿಯನ್ನು ಕನ್ನಡಿಸಿ ಭಾಷೆ ಬಲ್ಲವರಿಂದ ತಿದ್ದಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿ ಬೆಳೆದುಬಂದಿದೆ. ಕೆಲವರು ಅದನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದ ಅರ್ಥ ಉಳಿದಿದೆಯೆ ಎಂದು ಒರೆಹಚ್ಚಿ ನೋಡುವುದೂ ಉಂಟು. ಹೀಗಾಗಿ ನಮ್ಮಂತಹ ಕನ್ನಡದ ಅಧ್ಯಾಪಕರ ಮೇಜಿನ ಮೇಲೆ ಹಳಗನ್ನಡದ ಉತ್ತರಪತ್ರಿಕೆಗಳ ಜೊತೆಗೆ ಆಗಾಗ್ಗೆ ಕಾಲಿನ ಹುಣ್ಣೂ ಬಂದು ಕೂರುತ್ತದೆ.

ಹಾಗೆ ಬಂದವರಲ್ಲಿ ಮಳವಳ್ಳಿಯ ಕಡೆಯ ಒಬ್ಬ ಹೆಣ್ಣುಮಗಳನ್ನು ಇಲ್ಲಿ ನೆನೆಯುತ್ತೇನೆ. ಆಕೆಯ ವಿಷಯ ಸಕ್ಕರೆ ರೋಗಿಗಳ ಪಾದ. ಹಾಳೆಯ ಮೇಲೆ ಒಂದು ಪ್ರಶ್ನೆ ಹೀಗಿತ್ತು: 'ತಮ್ಮ ಅಧೋಶಾಖೆಗಳಲ್ಲಿ ಸಂವೇದನಾರಾಹಿತ್ಯವು ಅನುಭವಕ್ಕೆ ಬರುತ್ತಿದೆಯೆ?' ವ್ಯಾಕರಣದಲ್ಲಿ ಕುಂದಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಿದರೆ ಮಳವಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ 'ಹೂಂ' ಎಂದರೂ ಅನ್ನಬಹುದು, 'ಊಹೂಂ' ಎಂದರೂ ಅನ್ನಬಹುದು, ಎರಡಕ್ಕೂ ಅರ್ಥವಿಲ್ಲ. 'ನಿಮ್ಮ ಊರಿನಲ್ಲಿ ಇದನ್ನು ಏನೆನ್ನುತ್ತಾರೆ?' ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತನ್ನ ಅಜ್ಜಿಯ ಮಾತನ್ನು ಹೇಳಿದಳು: 'ಕಾಲಲ್ಲಿ ಚಪ್ಪಲಿ ಅದೋ ಇಲ್ವೋ ಗೊತ್ತಾಗಕಿಲ್ಲ ಕನವ್ವ.' ಆ ಅಜ್ಜಿ ಒಮ್ಮೆ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಯವರೆಗೂ ನಡೆದು ಬಂದಿದ್ದಳಂತೆ. 'ನಾವೆಲ್ಲ ನಕ್ಕುಬಿಟ್ಟೆವು ಸರ್' ಎಂದಳು. ಮುಂದಿನದನ್ನು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಪ್ಪಲಿ ಜಾರಿದುದು ತಿಳಿಯದಿರುವುದು ನರ ಮಂಕಾಗಿರುವುದಕ್ಕೆ ಪುಸ್ತಕದ ಲಕ್ಷಣ. ಎಂದರೆ ಆ ಅಜ್ಜಿ ರೋಗವನ್ನು ಸರಿಯಾಗಿಯೇ ವರ್ಣಿಸಿದ್ದಳು. ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಇನ್ನೊಂದು ಪ್ರಶ್ನೆ ನಡೆಯುವಾಗ ಬರುವ ನೋವನ್ನು ಕುರಿತುದು. ಅಪಧಮನಿ ಕಿರಿದಾದವನಿಗೆ ಸ್ವಲ್ಪ ದೂರ ನಡೆದೊಡನೆ ಕಾಲು ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ವೈದ್ಯರು ಇದನ್ನು ಕ್ಲಾಡಿಕೇಷನ್ ಎನ್ನುತ್ತಾರೆ. ಕುಂಟುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದ. ನಮ್ಮ ರೈತ ಲ್ಯಾಟಿನ್ನಿನ ಹಂಗಿಲ್ಲದೆ ಹೇಳುತ್ತಾನೆ: 'ನಡುದ್ರೆ ಮೀನ್ಕಂಡ ಹಿಡ್ಕತದೆ, ಒಂದ್ಗಳಿಗೆ ನಿಂತ್ರೆ ಬುಡ್ತದೆ.' ಸ್ಥಾನ, ಕಾರಣ, ಪರಿಹಾರ ಮೂರೂ ಒಂದು ವಾಕ್ಯದಲ್ಲಿವೆ. ಹಾಳೆಯ ಮೇಲಿನ ಸಂಸ್ಕೃತವನ್ನು ಹೊಡೆದುಹಾಕಿ ಇಬ್ಬರೂ ಕುಳಿತು ಪ್ರಶ್ನೆಗಳನ್ನು ಈ ಮಾತುಗಳಿಂದಲೇ ಕಟ್ಟಿದೆವು. 'ಚಪ್ಪಲಿ ಕಾಲಿನಿಂದ ಕಳಚಿ ಬಿದ್ದದ್ದು ನಿಮಗೆ ತಿಳಿಯದೆ ಹೋದದ್ದುಂಟೆ?' ಎಂಬುದು ಪ್ರಶ್ನೆಯಾಯಿತು.

ಒಪ್ಪಿಗೆಯ ಪತ್ರಕ್ಕೂ ಇದೇ ನ್ಯಾಯ. ಅಧ್ಯಯನಕ್ಕೆ ಒಳಪಡುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕೆಂಬುದು ಸಂಶೋಧನೆಯ ನಿಯಮ. ತಿಳಿಯದ ಭಾಷೆಯ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಬರಿಯ ಮಸಿ.

ಆ ಹೆಣ್ಣುಮಗಳು ತನ್ನ ಪ್ರಬಂಧವನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದಳು. ಬಹುಮಾನ ಬಂದಿತೆ ಎಂದು ವಾಚಕರು ಕೇಳುವುದು ಸಹಜ. ಬರಲಿಲ್ಲ, ಅದು ಮತ್ತೊಬ್ಬರ ಪಾಲಾಯಿತು. ಆದರೆ ತೀರ್ಪುಗಾರರೊಬ್ಬರು, 'ಸ್ಪರ್ಶಜ್ಞಾನದ ವಿಷಯವನ್ನು ರೋಗಿಗಳಿಗೆ ಹೇಗೆ ಕೇಳಿದಿರಿ?' ಎಂದು ಪ್ರಶ್ನಿಸಿದಾಗ ಆಕೆ ಇಂಗ್ಲಿಷನ್ನು ಬಿಟ್ಟು ಚಪ್ಪಲಿಯ ಪ್ರಶ್ನೆಯನ್ನು ಕನ್ನಡದಲ್ಲಿಯೇ ಹೇಳಿ, ಬಳಿಕ ಅರ್ಥ ವಿವರಿಸಿದಳಂತೆ. ಸಭೆಯಲ್ಲಿ ಹಿಂದಿನ ಸಾಲಿನ ಕೆಲವರು ಅದನ್ನು ಬರೆದುಕೊಂಡರು ಎಂದು ಫೋನಿನಲ್ಲಿ ತಿಳಿಸುವಾಗ ಆಕೆಯ ಧ್ವನಿಯಲ್ಲಿ ಬಹುಮಾನ ತಪ್ಪಿದ ಕೊರಗು ಇರಲಿಲ್ಲವೆಂದರೆ ಸುಳ್ಳಾದೀತು, ಸಂತೋಷವಿರಲಿಲ್ಲವೆಂದರೂ ಸುಳ್ಳಾದೀತು.

ನನ್ನ ತಕರಾರು ಇರುವುದು ಇದರಾಚೆಗೆ. ಇಂತಹ ಪ್ರಬಂಧಗಳು ಎಷ್ಟೋ ಬಾರಿ ಕಪ್ಪು ರಟ್ಟಿನ ಹೊದಿಕೆ ತೊಟ್ಟು, ಚಿನ್ನದ ಅಕ್ಷರ ಬರೆಸಿಕೊಂಡು, ಪುಸ್ತಕಭಂಡಾರದ ಕಪಾಟಿನಲ್ಲಿ ನಿದ್ರೆಹೋಗುತ್ತವೆ. ಪದವಿ ದೊರೆಯಿತು, ಬಡ್ತಿ ದೊರೆಯಿತು. ರೋಗಿಗೆ ಏನು ದೊರೆಯಿತು? ಕನ್ನಡದ ರೋಗಿಯ ಬಾಯಿಂದ ಹೊರಟ ಮಾತು ಇಂಗ್ಲಿಷಿನ ಮೆಟ್ಟಿಲೇರಿ, ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿ, ಅಲ್ಲಿಯೇ ಉಳಿದುಬಿಟ್ಟರೆ ಅದು ಏಕಮುಖ ಪ್ರಯಾಣ. ರಕ್ತಕ್ಕೆ ಹೋಗುವ ನಾಳವೂ ಬರುವ ನಾಳವೂ ಎರಡೂ ಬೇಕು. ವಿದ್ಯೆಗೆ ಮಾತ್ರ ಒಂದೇ ಸಾಕೆ? ಸಮ್ಮೇಳನಗಳನ್ನು ನಡೆಸುವವರಲ್ಲಿ ನನ್ನದೊಂದು ಅರಿಕೆ. ಬಹುಮಾನಕ್ಕೆ ಬರುವ ಪ್ರತಿಯೊಂದು ಪ್ರಬಂಧದ ಜೊತೆಗೆ, ಅದರ ಫಲವನ್ನು ರೋಗಿಯ ಮನೆಯವರಿಗೆ ತಿಳಿಯುವಂತೆ ಹೇಳುವ ಒಂದೇ ಒಂದು ಪುಟದ ಕನ್ನಡವನ್ನೂ ಕೇಳಿರಿ. ಅದಕ್ಕೂ ಅಂಕ ಕೊಡಿರಿ. ಕನ್ನಡದ ಅಧ್ಯಾಪಕರಲ್ಲಿ ಮತ್ತೊಂದು ಅರಿಕೆ. ದಾದಿಯೊಬ್ಬಳು ಪ್ರಶ್ನಾವಳಿ ಹಿಡಿದು ಬಂದಾಗ ಕಾಗುಣಿತ ತಿದ್ದಿ ಸಹಿ ಹಾಕಿ ಕಳುಹಿಸಬೇಡಿರಿ. 'ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?' ಎಂದು ಕೇಳಿರಿ.

ನಮ್ಮ ಮಧ್ಯಮವರ್ಗದ ಮನೆಗಳಿಗೂ ಒಂದು ಮಾತು ಉಂಟು. ಮಗಳು ವೈದ್ಯಳಾಗಲಿ ಎಂದು ಹರಸುವ ನಾವು ದಾದಿಯಾಗಲಿ ಎಂದು ಹರಸುವುದಿಲ್ಲ. ನಮ್ಮ ತಂದೆತಾಯಿಯ ಶಸ್ತ್ರಕ್ರಿಯೆ ಮಾಡಿದ ವೈದ್ಯರ ಹೆಸರು ಹತ್ತು ವರ್ಷವಾದರೂ ನೆನಪಿರುತ್ತದೆ. ಇಪ್ಪತ್ತು ರಾತ್ರಿ ಎಚ್ಚರವಿದ್ದು ಗಾಯ ತೊಳೆದವಳ ಹೆಸರು? 'ಸಿಸ್ಟರ್.' ಅದು ಹೆಸರಲ್ಲ. ಸಮ್ಮೇಳನದ ಕಾರ್ಯಕ್ರಮ ಪತ್ರಿಕೆಯಲ್ಲಿ ಪ್ರಬಂಧದ ಶೀರ್ಷಿಕೆಯ ಕೆಳಗೆ ಆಕೆಯ ಹೆಸರು, ತಂದೆಯ ಹೆಸರಿನ ಮೊದಲಕ್ಷರದ ಸಹಿತ, ಅಚ್ಚಾಗುತ್ತದೆ. ಆ ಸಾಲಿನ ಬೆಲೆ ಎಷ್ಟೆಂದು ಅಚ್ಚಾದವರನ್ನು ಕೇಳಿ ತಿಳಿಯಬೇಕು.

ಇಷ್ಟು ಓದಿದ ವಾಚಕರಿಗೆ ಪ್ರಯೋಜನಕ್ಕೆ ಬರುವ ಕೆಲವು ಮಾತುಗಳನ್ನು ಹೇಳದೆ ಬಿಡಲಾರೆ. ಮನೆಯಲ್ಲಿ ಸಕ್ಕರೆ ರೋಗವಿರುವವರಿದ್ದರೆ ಅವರ ಪಾದಗಳನ್ನು ದಿನವೂ ಬೆಳಕಿನಲ್ಲಿ ನೋಡಿರಿ, ಬೆರಳ ಸಂದುಗಳನ್ನು ಮರೆಯದೆ. ಬಗ್ಗಲಾರದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ. ತೊಳೆದ ಮೇಲೆ ಸಂದುಗಳನ್ನು ಒಣಗಿಸಬೇಕು. ಮನೆಯೊಳಗೂ ಬರಿಗಾಲು ಬೇಡ. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಡಬೇಡಿರಿ. ಸ್ನಾನದ ನೀರಿನ ಬಿಸಿಯನ್ನು ಬೇರೆಯವರು ಮೊಣಕೈ ಅದ್ದಿ ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿರಿ. ಉಗುರನ್ನು ನೇರವಾಗಿ ಕತ್ತರಿಸಿರಿ. ಚಪ್ಪಲಿ, ಬೂಟು ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ಇಲ್ಲವೆಂದು ನೋಡಿರಿ. ಬೇಸಗೆಯ ನಡುಹಗಲಲ್ಲಿ ದೇವಾಲಯದ ಕಲ್ಲುಹಾಸು ಕಾದಿರುತ್ತದೆ; ಬೆಳಗಿನ ದರ್ಶನವೇ ಮೇಲು. ಗಾಯವಾದರೆ ಅರಿಶಿನ, ಕಾಫಿಪುಡಿ ಮೆತ್ತಿ ಕಾದು ಕೂರದೆ ಅಂದೇ ಆಸ್ಪತ್ರೆಗೆ ಹೋಗಿರಿ. ಬೀಡಿ ಸಿಗರೇಟು ಬಿಡುವುದಕ್ಕಿಂತ ದೊಡ್ಡ ಔಷಧಿ ಕಾಲಿನ ನಾಳಕ್ಕೆ ಮತ್ತೊಂದಿಲ್ಲ.

ಇನ್ನೊಂದು ಪರೀಕ್ಷೆಯುಂಟು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯಲ್ಲಿ ರೂಪಿಸಿ ೨೦೧೧ರಲ್ಲಿ ಪ್ರಕಟಿಸಿದುದು. ಯಾವ ಉಪಕರಣವೂ ಬೇಡ, ಒಂದು ಬೆರಳು ಸಾಕು. ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಲು ಹೇಳಿರಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಆರು ಬೆರಳುಗಳ ತುದಿಯನ್ನು ಒಂದೊಂದಾಗಿ, ಒತ್ತದೆ, ತಿವಿಯದೆ, ಒಂದೆರಡು ಕ್ಷಣ ಮೆಲ್ಲಗೆ ಮುಟ್ಟಿರಿ. ಮುಟ್ಟಿದಾಗ 'ಹೂಂ' ಎನ್ನಲಿ, ಎಡವೋ ಬಲವೋ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳು ತಿಳಿಯದೆ ಹೋದರೆ ನಾಳೆ ಬೆಳಗ್ಗೆಯೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿ ಕಾಲನ್ನು ಎತ್ತಿ ನೋಡುವ ದಾದಿಯ ಹೆಸರನ್ನೂ ಕೇಳಿ ತಿಳಿದುಕೊಂಡು ಬನ್ನಿರಿ.